‘ಸೆಕ್ಷನಲ್’ ಕಂಡಲ್ಲೆಲ್ಲ ‘ವಿಭಾಗೀಯ’ ಬೇಡ: ಯಾವ ಜಾಗಕ್ಕೆ ಯಾವ ಪದ?

ಇಂಗ್ಲಿಷ್ ಬರಹದಲ್ಲಿ ‘ಸೆಕ್ಷನಲ್’ ಎಂಬ ಪದ ಕಂಡ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕೈ ‘ವಿಭಾಗೀಯ’ ಎಂದು ಬರೆದುಬಿಡುತ್ತದೆ. ಆದರೆ ಕನ್ನಡದಲ್ಲಿ ಆ ಪದಕ್ಕೆ ಆಗಲೇ ಬೇರೆ ಕೆಲಸವಿದೆ. ಹೈಕೋರ್ಟಿನ ವಿಭಾಗೀಯ ಪೀಠ, ಸಾರಿಗೆ ಸಂಸ್ಥೆಯ ವಿಭಾಗೀಯ ನಿಯಂತ್ರಣಾಧಿಕಾರಿ, ರೈಲ್ವೆಯ ವಿಭಾಗೀಯ ವ್ಯವಸ್ಥಾಪಕ, ಶಾಲಾ ಕ್ರೀಡಾಕೂಟದ ವಿಭಾಗೀಯ ಮಟ್ಟ, ಇವೆಲ್ಲ ‘ಡಿವಿಜನ್’ಗೆ ಸೇರಿದವು. ‘ಸೆಕ್ಷನ್’ಗೂ ಇದೇ ಪದ ಬಳಸಿದರೆ ಓದುಗರಿಗೆ ತಲುಪುವುದು ಡಿವಿಜನ್ನೇ.

ಹಾಗಾದರೆ ಯಾವುದನ್ನು ಆರಿಸಬೇಕು? ‘ಸೆಕ್ಷನ್’ನ ಲ್ಯಾಟಿನ್ ಮೂಲದ ಅರ್ಥ ಕತ್ತರಿಸುವುದು. ಆದ್ದರಿಂದ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಇಲ್ಲಿ ಕತ್ತರಿಸಿದ್ದು ಯಾತಕ್ಕೆ? ಒಳಗೇನಿದೆ ಎಂದು ನೋಡಲಿಕ್ಕೋ, ಒಂದೊಂದನ್ನೂ ಬೇರೆಯಾಗಿ ಅಳೆಯಲಿಕ್ಕೋ, ಕೆಲಸ ಹಂಚಲಿಕ್ಕೋ, ಸಾಗಿಸಿ ಮತ್ತೆ ಜೋಡಿಸಲಿಕ್ಕೋ? ಅಥವಾ ಜನರೇ ಎರಡಾಗಿ ನಿಂತಿದ್ದಾರೋ? ಉತ್ತರ ಬದಲಾದಂತೆ ಪದವೂ ಬದಲಾಗುತ್ತದೆ.

ಒಳಗೆ ನೋಡಲು ಕತ್ತರಿಸಿದಾಗ: ಛೇದ, ಕೊಯ್ತ, ಸೀಳಿಕೆ

ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಓದಿದವರಿಗೆ ‘ಹೂವಿನ ನೀಳಛೇದ ನೋಟ’ ಗೊತ್ತು. ತಂತಿಯ ರೋಧದ ಪಾಠದ ‘ಅಡ್ಡಕೊಯ್ತದ ವಿಸ್ತೀರ್ಣ’ವೂ ಗೊತ್ತು. ಎರಡೂ ಚೆನ್ನಾಗಿ ಬೇರೂರಿದ ಪದಗಳು, ಹೊಸದನ್ನು ಹುಟ್ಟಿಸುವ ಅಗತ್ಯವಿಲ್ಲ. ಆಯ್ಕೆ ಹೀಗಿರಲಿ: ಚಿತ್ರ ತೋರಿಸುವಾಗ ‘ಛೇದ ನೋಟ’, ಅಳತೆ ಹೇಳುವಾಗ ‘ಅಡ್ಡಕೊಯ್ತ’, ಸೂಕ್ಷ್ಮದರ್ಶಕದಡಿ ಇಡುವ ತೆಳು ಹಾಳೆಯಂಥ ತುಂಡಿಗೆ ‘ಸೀಳಿಕೆ’. ಗಣಿತದ ಬರಹದಲ್ಲಿ ಮಾತ್ರ ‘ಛೇದ’ವನ್ನು ಒಂಟಿಯಾಗಿ ಬಿಡಬೇಡಿ. ಅಲ್ಲಿ ಅಂಶ–ಛೇದದ ಛೇದ ಮೊದಲೇ ಕೂತಿದೆ, ಭಿನ್ನರಾಶಿಯ ಕೆಳಗಿನ ಸಂಖ್ಯೆ ಎಂದೇ ಮಕ್ಕಳು ಓದುತ್ತಾರೆ.

ಯಂತ್ರದ ನಕ್ಷೆಗಳನ್ನು ಅನುವಾದಿಸುವವರು ಪದದ ಹಿಂದಿನ ಕ್ರಮವನ್ನೂ ತಿಳಿದಿರಬೇಕು, ಇಲ್ಲವಾದರೆ ವಿವರಣೆ ತಪ್ಪುತ್ತದೆ. ವಸ್ತುವನ್ನು ಒಂದು ಕಲ್ಪಿತ ಸಮತಲದಿಂದ ಕತ್ತರಿಸಿ, ನೋಡುವವರ ಕಡೆಯ ತುಂಡನ್ನು ತೆಗೆದಿಟ್ಟು ಉಳಿದದ್ದನ್ನು ಬರೆಯುವುದೇ ಛೇದ ನೋಟ. ಎಲ್ಲಿ ಕತ್ತರಿಸಿದೆ ಎಂಬುದನ್ನು ಇನ್ನೊಂದು ನೋಟದಲ್ಲಿ ಗೆರೆ–ಚುಕ್ಕಿಯ ಸಪೂರ ಸರಪಣಿ ಗೆರೆ ಹೇಳುತ್ತದೆ. ಅದರ ಎರಡು ತುದಿ ಮತ್ತು ತಿರುವುಗಳು ದಪ್ಪ, ತುದಿಯ ಬಾಣಗಳು ನೋಡುವ ದಿಕ್ಕು, ಪಕ್ಕದಲ್ಲಿ ‘ಎ–ಎ’ ಎಂಬ ಅಕ್ಷರಗಳು. ಕತ್ತಿ ತಾಗಿದ ಮೈಮೇಲೆ ಮಾತ್ರ 45 ಡಿಗ್ರಿ ಓರೆಯ ಸಪೂರ ಗೆರೆಗಳು ಬರುತ್ತವೆ, ತೂತು ಮತ್ತು ಪೊಳ್ಳು ಜಾಗ ಖಾಲಿ ಇರುತ್ತದೆ. ಒತ್ತಿಕೊಂಡಿರುವ ಎರಡು ಬಿಡಿಭಾಗಗಳಿದ್ದರೆ ಒಂದರ ಗೆರೆ ಎಡಕ್ಕೆ ವಾಲಿ ಇನ್ನೊಂದರದ್ದು ಬಲಕ್ಕೆ ವಾಲಬೇಕು. ಶಾಫ್ಟ್, ಬೋಲ್ಟ್, ನಟ್, ರಿವೆಟ್, ಕೀ, ರಿಬ್ (ಬಲ ಕೊಡುವ ತೆಳು ಆಸರೆ ಪಟ್ಟಿ) ಇವು ಕತ್ತಿಯ ದಾರಿಯಲ್ಲಿ ಉದ್ದುದ್ದಕ್ಕೆ ಬಂದರೂ ಅವುಗಳ ಮೇಲೆ ಓರೆ ಗೆರೆ ಎಳೆಯುವುದಿಲ್ಲ. ತೆಳು ರಿಬ್‌ಗೆ ಗೆರೆ ಎಳೆದರೆ ಆ ಜಾಗವೆಲ್ಲ ಗಟ್ಟಿ ಲೋಹದ ಮುದ್ದೆಯಂತೆ ಕಾಣುತ್ತದೆ. ನಕ್ಷೆ ನೋಡಿ ಅಚ್ಚು ಮಾಡುವವನು ಮೋಸ ಹೋಗುತ್ತಾನೆ.

ಇಲ್ಲಿ ಅತಿ ಹೆಚ್ಚು ತಪ್ಪುವುದು ‘ಹಾಫ್ ಸೆಕ್ಷನ್’. ‘ಅರ್ಧ ಕತ್ತರಿಸಿದ ನೋಟ’ ಎಂದು ಬರೆದರೆ ವಸ್ತುವಿನ ಅರ್ಧವನ್ನು ತೆಗೆದರು ಎಂಬ ಅರ್ಥ ಬರುತ್ತದೆ. ನಿಜದಲ್ಲಿ ಅರ್ಧವನ್ನು ತೆಗೆಯುವುದು ‘ಫುಲ್ ಸೆಕ್ಷನ್’ನಲ್ಲಿ. ಹಾಫ್ ಸೆಕ್ಷನ್‌ನಲ್ಲಿ ತೆಗೆಯುವುದು ಕಾಲು ಭಾಗ ಮಾತ್ರ, ಆಗ ನೋಟದ ಅರ್ಧದಲ್ಲಿ ಒಳಗು, ಉಳಿದರ್ಧದಲ್ಲಿ ಹೊರಗು ಕಾಣುತ್ತದೆ. ಆದ್ದರಿಂದ ‘ಪೂರ್ಣ ಛೇದ ನೋಟ’, ‘ಅರ್ಧ ಛೇದ ನೋಟ’ ಎಂದು ‘ನೋಟ’ವನ್ನು ಬಿಡದೆ ಬರೆಯಿರಿ. ಅರ್ಧವಾಗಿರುವುದು ನೋಟ, ವಸ್ತುವಲ್ಲ.

ಮನೆ ಕಟ್ಟುವವರಿಗೂ ಇದೇ ಪದ ಎದುರಾಗುತ್ತದೆ. ನೆಲದಿಂದ ಸುಮಾರು ಒಂದು ಮೀಟರ್ ಮೇಲೆ ಮನೆಯನ್ನು ಅಡ್ಡಲಾಗಿ ಕತ್ತರಿಸಿ ಮೇಲಿನಿಂದ ನೋಡಿದರೆ ಪ್ಲ್ಯಾನ್. ನೆತ್ತಿಯಿಂದ ಪಾಯದವರೆಗೆ ಸೀಳಿ ಪಕ್ಕದಿಂದ ನೋಡಿದರೆ ಸೆಕ್ಷನ್. ಆ ಸೀಳು ಮೆಟ್ಟಿಲು ಮತ್ತು ಬಚ್ಚಲಿನ ಮೂಲಕ ಹಾಯುವಂತೆ ಕೇಳಿ ಬರೆಸಿಕೊಳ್ಳಿ. ಮೆಟ್ಟಿಲ ಎತ್ತರ, ಮೆಟ್ಟಿಲು ಹತ್ತುವಾಗ ತಲೆ ತಾಗದಷ್ಟು ಜಾಗ ಇದೆಯೇ, ಬಚ್ಚಲ ಸ್ಲ್ಯಾಬ್ ಎಷ್ಟು ತಗ್ಗಿದೆ, ಇವು ಬೇರೆ ಯಾವ ನಕ್ಷೆಯಲ್ಲೂ ಸರಿಯಾಗಿ ಕಾಣುವುದಿಲ್ಲ. ಖಾಲಿ ಕೋಣೆಯ ಮೂಲಕ ಹಾದ ಸೆಕ್ಷನ್ ನಾಲ್ಕು ಗೋಡೆ ತೋರಿಸಿ ಮುಗಿಸುತ್ತದೆ.

ರಸ್ತೆ, ಕಾಲುವೆ ಕೆಲಸದಲ್ಲಿ ಎರಡು ಛೇದಗಳಿವೆ: ಉದ್ದ ಛೇದ ಮತ್ತು ಅಡ್ಡ ಛೇದ. ಉದ್ದ ಛೇದದಲ್ಲಿ ಉದ್ದಕ್ಕೆ 1:1000, ಎತ್ತರಕ್ಕೆ 1:100 ಎಂದು ಬೇರೆ ಬೇರೆ ಪ್ರಮಾಣ ಹಿಡಿಯುವುದು ರೂಢಿ. ಹಾಗಾಗಿ ಕಾಗದದ ಮೇಲೆ ಇಳಿಜಾರು ಹತ್ತು ಪಟ್ಟು ಕಡಿದಾಗಿ ಕಾಣುತ್ತದೆ. ನಕ್ಷೆಯ ಕೆಳಗೆ ಕನ್ನಡದಲ್ಲಿ ಎರಡೂ ಪ್ರಮಾಣವನ್ನು ಬರೆಯದಿದ್ದರೆ, ಜಮೀನು ಕಳೆದುಕೊಳ್ಳುವ ರೈತ ಆ ಚಿತ್ರ ನೋಡಿ ಗಾಬರಿಯಾಗುವುದು ಸಹಜ.

‘ಕ್ರಾಸ್ ಸೆಕ್ಷನಲ್ ಏರಿಯಾ’ ದಿನವೂ ಕೈಗೆ ಸಿಗುವುದು ವೈರ್ ಅಂಗಡಿಯಲ್ಲಿ. ದೀಪಕ್ಕೆ ಒಂದೂವರೆ, ಪ್ಲಗ್ಗಿಗೆ ಎರಡೂವರೆ, ಗೀಸರ್ ಮತ್ತು ಎಸಿಗೆ ನಾಲ್ಕು ಎಂದು ಎಲೆಕ್ಟ್ರಿಷಿಯನ್ ಹೇಳುವಾಗ ಬಾಯಲ್ಲಿ ‘ಎಂಎಂ’ ಎಂದರೂ ಅರ್ಥ ಚದರ ಎಂಎಂ. ಅದು ದಪ್ಪವಲ್ಲ, ಅಡ್ಡಕೊಯ್ತದ ವಿಸ್ತೀರ್ಣ. 2.5 ಚದರ ಮಿ.ಮೀ. ತಾಮ್ರವನ್ನು ಒಂದೇ ಕಡ್ಡಿಯಾಗಿ ಎಳೆದರೆ ಅದರ ವ್ಯಾಸ ಸುಮಾರು 1.78 ಮಿ.ಮೀ. ‘2.5 ಮಿ.ಮೀ. ದಪ್ಪದ ತಂತಿ’ ಎಂದು ಅನುವಾದಿಸಿದರೆ ವಿಸ್ತೀರ್ಣ 4.9 ಚದರ ಮಿ.ಮೀ.ಗೆ ಹೋಗುತ್ತದೆ, ಹೆಚ್ಚುಕಡಿಮೆ ಇಮ್ಮಡಿ. ಅಂಗಡಿಯ ಮಾತಿನಲ್ಲಿ ‘ಚದರ’ ಬಿಟ್ಟರೂ ನಡೆಯುತ್ತದೆ, ಬರಹದಲ್ಲಿ ಖಂಡಿತ ಬಿಡಬಾರದು.

ಇದೇ ಕುಟುಂಬದ ಒಂದು ಪದಕ್ಕೆ ಮಾತ್ರ ‘ಅಡ್ಡ’ ಒಗ್ಗುವುದಿಲ್ಲ. ಆರೋಗ್ಯ ಸುದ್ದಿಗಳಲ್ಲಿ ಬರುವ ‘ಕ್ರಾಸ್ ಸೆಕ್ಷನಲ್ ಸ್ಟಡಿ’ಯನ್ನು ‘ಅಡ್ಡಛೇದ ಅಧ್ಯಯನ’ ಎಂದರೆ ಓದುಗರಿಗೆ ಏನೂ ತಿಳಿಯದು. ಒಂದು ಸಮಯದಲ್ಲಿ ಜನರನ್ನು ಒಮ್ಮೆ ಮಾತ್ರ ಅಳೆದ ಅಧ್ಯಯನ ಅದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ಬಗೆಯದು. ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದರೆ ಅದು ಬೇರೆ ಜಾತಿಯ ಅಧ್ಯಯನ. ‘ಒಂದೇ ಬಾರಿಯ ಸಮೀಕ್ಷೆ’ ಎಂದು ಬರೆದರೆ ಅದರ ಮಿತಿಯೂ ಹೆಸರಿನಲ್ಲೇ ಕಾಣುತ್ತದೆ: ಯಾವುದು ಮೊದಲು ಆಯಿತು, ಯಾವುದರಿಂದ ಯಾವುದು ಆಯಿತು ಎಂದು ಒಂದೇ ಬಾರಿಯ ಅಳತೆಯಿಂದ ಹೇಳಲಾಗದು.

ಬೇರೆ ಬೇರೆಯಾಗಿ ಅಳೆಯುವಾಗ: ‘ಈಯ’ ಅಲ್ಲ, ‘ವಾರು’

ಬ್ಯಾಂಕ್ ಪರೀಕ್ಷೆಗೆ ಓದುವವರ ದೊಡ್ಡ ತಲೆನೋವು ‘ಸೆಕ್ಷನಲ್ ಕಟ್‌ಆಫ್’, ಅಂದರೆ ಪ್ರಶ್ನೆಪತ್ರಿಕೆಯ ಒಂದೊಂದು ಭಾಗದಲ್ಲೂ ದಾಟಬೇಕಾದ ಕನಿಷ್ಠ ಅಂಕ. ಇದನ್ನು ‘ವಿಭಾಗೀಯ ಕಟ್‌ಆಫ್’ ಎಂದು ಅಚ್ಚು ಹಾಕಿದರೆ ನಮ್ಮ ರಾಜ್ಯದಲ್ಲಿ ಗೊಂದಲ ಖಚಿತ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ಕಂದಾಯ ವಿಭಾಗಗಳಿವೆ, ಸಂವಿಧಾನದ 371ಜೆ ಅನುಚ್ಛೇದದ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಪ್ರತ್ಯೇಕ ಮೀಸಲು ಇದೆ. ಊರಿಗೊಂದು ಕಟ್‌ಆಫ್ ಇರಬೇಕು ಎಂದು ಅಭ್ಯರ್ಥಿ ಭಾವಿಸಿದರೆ ತಪ್ಪು ಅವರದಲ್ಲ.

ಕನ್ನಡದ ‘ವಾರು’ ಪ್ರತ್ಯಯ ಇಲ್ಲಿ ಹೇಳಿಮಾಡಿಸಿದಂತಿದೆ. ಜಿಲ್ಲಾವಾರು, ವಿಷಯವಾರು, ಕ್ಷೇತ್ರವಾರು ಎಂದಾಗ ‘ಒಂದೊಂದನ್ನೂ ಬೇರೆಯಾಗಿ ತೆಗೆದುಕೊಂಡು’ ಎಂಬ ಅರ್ಥ ತಾನಾಗಿ ಬರುತ್ತದೆ. ‘ವಿಭಾಗೀಯ’ದ ಕೊನೆಯ ‘ಈಯ’ ಹೇಳುವುದು ‘ಅದಕ್ಕೆ ಸೇರಿದ’ ಎಂದಷ್ಟೇ. ಆದ್ದರಿಂದ ‘ಭಾಗವಾರು ಕಟ್‌ಆಫ್’ ಎಂದು ಬರೆಯಿರಿ. ಪತ್ರಿಕೆಗಳಲ್ಲಿ ಬರುವ ‘ವಿಭಾಗವಾರು’ ತಪ್ಪಲ್ಲ, ಆದರೆ ಪ್ರಶ್ನೆಪತ್ರಿಕೆಗೆ ‘ಭಾಗ’ವೇ ಸಾಕು.

ಪದಕ್ಕಿಂತ ಮುಖ್ಯವಾಗಿ, ಎರಡು ನಿಯಮಗಳನ್ನು ಬೆರೆಸಬಾರದು. ಭಾಗವಾರು ಸಮಯ ಒಂದು, ಭಾಗವಾರು ಕಟ್‌ಆಫ್ ಇನ್ನೊಂದು. ಬ್ಯಾಂಕ್ ಅಧಿಕಾರಿಗಳನ್ನು ಆರಿಸುವ ಐಬಿಪಿಎಸ್ ಪಿಒ ಪರೀಕ್ಷೆಯ ಮೊದಲ ಹಂತವಾದ ಪ್ರಿಲಿಮ್ಸ್‌ನಲ್ಲಿ 100 ಪ್ರಶ್ನೆ, 60 ನಿಮಿಷ. ಇಂಗ್ಲಿಷ್, ಗಣಿತ, ರೀಸನಿಂಗ್ ಮೂರಕ್ಕೂ ತಲಾ 20 ನಿಮಿಷ. ಗಣಿತ ಬೇಗ ಮುಗಿದರೂ ಉಳಿದ ನಿಮಿಷವನ್ನು ಇಂಗ್ಲಿಷಿಗೆ ಒಯ್ಯಲಾಗದು, ಇದು ಸಮಯದ ನಿಯಮ. ಮೂರರಲ್ಲೂ ಕನಿಷ್ಠ ಅಂಕ ದಾಟಲೇಬೇಕು, ಇದು ಕಟ್‌ಆಫ್ ನಿಯಮ. ಒಟ್ಟು ಅಂಕ ಸಾಲುವಷ್ಟಿದ್ದು ಇಂಗ್ಲಿಷಿನಲ್ಲಿ ಒಂದೇ ಅಂಕ ಕಡಿಮೆಯಾದರೂ ಹೊರಗೆ. ಕೆಲವು ಪರೀಕ್ಷೆಗಳಲ್ಲಿ ಮೊದಲನೆಯದು ಮಾತ್ರ ಇರುತ್ತದೆ, ಎರಡನೆಯದು ಇರುವುದಿಲ್ಲ, ಆಗ ಬಲವಾದ ಭಾಗದಿಂದ ದುರ್ಬಲ ಭಾಗವನ್ನು ತುಂಬಿಕೊಳ್ಳಬಹುದು. ಓದುವ ಕ್ರಮವೇ ಬದಲಾಗುವುದರಿಂದ ಆ ವರ್ಷದ ಅಧಿಸೂಚನೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹುಡುಕಿ ನೋಡಿ. ಐಐಎಂಗಳ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಫಲಿತಾಂಶ ಅನುವಾದಿಸುವವರಿಗೆ ಒಂದು ಎಚ್ಚರಿಕೆ: ‘ಸೆಕ್ಷನಲ್ ಪರ್ಸೆಂಟೈಲ್’ ಎಂದರೆ ‘ಭಾಗವಾರು ಶೇಕಡ’ ಅಲ್ಲ. 90 ಪರ್ಸೆಂಟೈಲ್ ಎಂದರೆ ನೂರಕ್ಕೆ 90 ಅಂಕ ಬಂತು ಎಂದಲ್ಲ, ಬರೆದವರಲ್ಲಿ ಸುಮಾರು ನೂರಕ್ಕೆ 90 ಮಂದಿ ಕೆಳಗಿದ್ದಾರೆ ಎಂದು. ‘ಪರ್ಸೆಂಟೈಲ್’ ಅನ್ನು ಹಾಗೇ ಉಳಿಸಿಕೊಳ್ಳಿ.

ಕೆಲಸ ಹಂಚುವಾಗ: ಶಾಖೆ ಅಥವಾ ಸೆಕ್ಷನ್

ಬೆಸ್ಕಾಂನಂಥ ಕಂಪನಿಗಳ ಏಣಿ ನೋಡಿ: ವಿಭಾಗ, ಅದರಡಿ ಉಪವಿಭಾಗ, ಅದರಡಿ ಶಾಖೆ. ಲೋಕೋಪಯೋಗಿಯಲ್ಲೂ ಹೀಗೆಯೇ. ಸಚಿವಾಲಯದ ಸೆಕ್ಷನ್ ಆಫೀಸರ್ ಕನ್ನಡದಲ್ಲಿ ಶಾಖಾಧಿಕಾರಿ. ಅಂದರೆ ಸರ್ಕಾರಿ ಕನ್ನಡ ಈ ಗಂಟನ್ನು ಎಂದೋ ಬಿಡಿಸಿಟ್ಟಿದೆ: ಡಿವಿಜನ್‌ಗೆ ವಿಭಾಗ, ಸೆಕ್ಷನ್‌ಗೆ ಶಾಖೆ. ವಿದ್ಯುತ್ ದೂರು ಬರೆಯುವವರು ‘ವಿಭಾಗ ಕಚೇರಿ’ ಎಂದು ಬರೆದರೆ ಅರ್ಜಿ ಎರಡು ಮೆಟ್ಟಿಲು ಮೇಲಕ್ಕೆ ಹೋಗಿ ಮತ್ತೆ ಕೆಳಗಿಳಿದು ಬರಬೇಕಾಗುತ್ತದೆ. ಬ್ಯಾಂಕಿನ ಸಂದರ್ಭದಲ್ಲಿ ಮಾತ್ರ ‘ಶಾಖೆ’ ಎಂದರೆ ಬ್ರ್ಯಾಂಚ್, ಅಲ್ಲಿ ಒಳಗಿನ ಸೆಕ್ಷನ್‌ಗೆ ‘ಸಾಲದ ಸೆಕ್ಷನ್’ ಎಂದೇ ಹೇಳಿ.

ರೈಲ್ವೆಯಲ್ಲಿ ‘ಶಾಖೆ’ಯೂ ಕೂಡದು, ಅದು ಕವಲು ಮಾರ್ಗದ ನೆನಪು ತರುತ್ತದೆ. ನೈರುತ್ಯ ರೈಲ್ವೆಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಎಂಬ ಮೂರು ವಿಭಾಗಗಳಿವೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿ ದಾರಿ ಮೈಸೂರು ವಿಭಾಗದ ಒಂದು ಸೆಕ್ಷನ್. ಮಳೆಗಾಲದಲ್ಲಿ ಮಣ್ಣು ಕುಸಿದಾಗ ‘ಮೈಸೂರು ವಿಭಾಗದ ಸಕಲೇಶಪುರ–ಸುಬ್ರಹ್ಮಣ್ಯ ವಿಭಾಗದಲ್ಲಿ’ ಎಂಬ ವಾಕ್ಯ ಬಂದರೆ ಯಾವ ವಿಭಾಗದ ರೈಲು ರದ್ದಾಯಿತು ಎಂದು ಪ್ರಯಾಣಿಕ ಕೇಳಬೇಕಾಗುತ್ತದೆ. ‘ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ ಮಾರ್ಗದಲ್ಲಿ’ ಎನ್ನಿ, ಅಥವಾ ಜನ ಹೇಳುವಂತೆ ‘ಘಾಟ್ ಸೆಕ್ಷನ್’ ಎನ್ನಿ. ‘ಸೆಕ್ಷನಲ್ ಸ್ಪೀಡ್’ ಎಂದರೆ ಆ ಎರಡು ನಿಲ್ದಾಣಗಳ ನಡುವಿನ ಹಳಿಯ ಮೇಲೆ ಅನುಮತಿ ಇರುವ ಗರಿಷ್ಠ ವೇಗ. ಅದು ಒಂದು ರೈಲಿನ ಸರಾಸರಿ ವೇಗವಲ್ಲ. ಮಾರ್ಗದ ಗರಿಷ್ಠ ವೇಗವನ್ನು ಗಂಟೆಗೆ 110ರಿಂದ 130 ಕಿ.ಮೀ.ಗೆ ಏರಿಸಿದರೆ ಪ್ರಯಾಣದ ಸಮಯ ಅದೇ ಲೆಕ್ಕದಲ್ಲಿ ಇಳಿಯುವುದಿಲ್ಲ. ತಿರುವು, ನಿಲುಗಡೆ, ತಾತ್ಕಾಲಿಕ ನಿರ್ಬಂಧ ಎಲ್ಲ ಇದ್ದೇ ಇರುತ್ತವೆ. ‘ಮಾರ್ಗದ ಗರಿಷ್ಠ ವೇಗ’ ಎಂದರೆ ಸುದ್ದಿ ಸರಿಯಾಗಿ ತಲುಪುತ್ತದೆ.

ಕಾನೂನಿನ ಸೆಕ್ಷನ್ ಬಗ್ಗೆ ಒಂದೇ ಮಾತು. ರಾಜ್ಯದ ಅಧಿನಿಯಮಗಳಲ್ಲಿ ಅದು ‘ಪ್ರಕರಣ’, ಪೊಲೀಸ್ ಕಾಗದದಲ್ಲಿ ‘ಕಲಂ’, ಮಾತಿನಲ್ಲಿ ‘ಸೆಕ್ಷನ್’. ಸುದ್ದಿ ಬರೆಯುವಾಗ ‘ಪ್ರಕರಣ 4ರ ಅಡಿ ಪ್ರಕರಣ ದಾಖಲು’ ಆಗದಂತೆ ‘ಕಲಂ’ ಅಥವಾ ‘ಸೆಕ್ಷನ್’ ಆರಿಸಿ. ಅಧಿನಿಯಮದ ಅನುವಾದದಲ್ಲಿ ‘ಪ್ರಕರಣ’ವನ್ನು ಬದಲಿಸಬೇಡಿ.

ಬಿಡಿಸಿ ಜೋಡಿಸುವ ವಸ್ತುಗಳು

ಸೋಫಾ ಅಂಗಡಿಯಲ್ಲಿ ‘ಸೆಕ್ಷನಲ್’ ಕೇಳಿದರೆ ‘ಎಲ್ ಶೇಪ್’ ತೋರಿಸುತ್ತಾರೆ. ಎರಡೂ ಒಂದೇ ಅಲ್ಲ. ಸೆಕ್ಷನಲ್ ಎಂದರೆ ಎರಡು–ಮೂರು ಬಿಡಿ ತುಂಡುಗಳಾಗಿ ಬಂದು ಮನೆಯಲ್ಲಿ ಕ್ಲಿಪ್ಪು, ಬ್ರಾಕೆಟ್ಟುಗಳಿಂದ ಕೂಡುವ ಸೋಫಾ. ಅದು ‘ಎಲ್’ ಆಕಾರದಲ್ಲಿರಬಹುದು, ‘ಯು’ ಆಕಾರದಲ್ಲಿರಬಹುದು. ಇತ್ತ ಬಡಗಿ ಒಂದೇ ಚೌಕಟ್ಟಿನಲ್ಲಿ ಮಾಡಿದ ‘ಎಲ್’ ಸೋಫಾ ಸೆಕ್ಷನಲ್ ಅಲ್ಲ, ಮೂರಡಿ ಬಾಗಿಲಿನ ಮುಂದೆ ಬಂದು ನಿಂತುಬಿಡುತ್ತದೆ. ಕೊಳ್ಳುವ ಮೊದಲು ಕೇಳಬೇಕಾದದ್ದು ಒಟ್ಟು ಉದ್ದವಲ್ಲ, ಅತಿ ದೊಡ್ಡ ಒಂಟಿ ತುಂಡಿನ ಉದ್ದ, ಆಳ, ಎತ್ತರ. ಅದನ್ನು ಬಾಗಿಲು, ಲಿಫ್ಟ್ ಮತ್ತು ಮೆಟ್ಟಿಲ ತಿರುವಿನ ಅಳತೆಗೆ ಹೋಲಿಸಿ ನೋಡಿ. ತುಂಡುಗಳನ್ನು ಬೇಕಾದ ಹಾಗೆ ಅದಲುಬದಲು ಮಾಡಿ ಕೂಡಿಸಬಹುದಾದರೆ ಅದು ಮಾಡ್ಯುಲರ್. ಹೆಚ್ಚಿನ ಸೆಕ್ಷನಲ್‌ಗಳಲ್ಲಿ ಮೂಲೆ ತುಂಡಿನ ಜಾಗ ಒಂದೇ, ಮನೆ ಬದಲಿಸಿದಾಗ ಕಿಟಕಿಗೆ ಅಡ್ಡ ಬಂದರೂ ತಿರುಗಿಸಲಾಗದು.

‘ಎಡಗೈ’, ‘ಬಲಗೈ’ ಎಂಬ ಗುರುತು ಇನ್ನೂ ಅಪಾಯದ್ದು. ಬಹುತೇಕ ತಯಾರಕರು ಸೋಫಾದ ಎದುರು ನಿಂತವರ ಎಡ–ಬಲವನ್ನು ಹಿಡಿಯುತ್ತಾರೆ, ಕೆಲವರು ಸೋಫಾದಲ್ಲಿ ಕೂತವರದನ್ನು. ಅನುವಾದದಲ್ಲಿ ‘ಎಡಗೈ ಸೋಫಾ’ ಎಂದು ಬಿಡದೆ ‘ಸೋಫಾಕ್ಕೆ ಮುಖ ಮಾಡಿ ನಿಂತಾಗ ಕಾಲು ಚಾಚುವ ಭಾಗ ನಿಮ್ಮ ಎಡಕ್ಕೆ’ ಎಂದು ಪೂರ್ತಿ ಬರೆಯಿರಿ. ವಾಕ್ಯ ಉದ್ದವಾದರೂ ವಸ್ತು ವಾಪಸ್ ಕಳಿಸುವ ಖರ್ಚು ಉಳಿಯುತ್ತದೆ.

ಗ್ಯಾರೇಜಿನ ‘ಸೆಕ್ಷನಲ್ ಡೋರ್’ ಅನ್ನು ‘ಷಟರ್’ ಎಂದು ಅನುವಾದಿಸುವುದು ಇನ್ನೊಂದು ತಪ್ಪು. ಷಟರ್ ಮೇಲಿನ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಇದು ಕೀಲುಗಳಿಂದ ಕೂಡಿದ ಅಡ್ಡ ಹಲಗೆಗಳ ಬಾಗಿಲು, ಹಳಿಯ ಮೇಲೆ ಏರಿ ಚಾವಣಿಯಡಿ ಮಲಗುತ್ತದೆ. ಷಟರ್ ಎಂದು ತಿಳಿದ ಮೇಸ್ತ್ರಿ ಡ್ರಮ್ಮಿಗಷ್ಟೇ ಜಾಗ ಬಿಟ್ಟು, ಬಾಗಿಲಿನ ಎತ್ತರದಷ್ಟು ಉದ್ದ ಚಾವಣಿಯಡಿ ತೊಲೆ, ಪೈಪು, ಫ್ಯಾನು ಇಲ್ಲದಂತೆ ನೋಡಿಕೊಳ್ಳಬೇಕು ಎಂಬುದನ್ನು ಬಿಟ್ಟುಬಿಡುತ್ತಾನೆ. ‘ಹಲಗೆ ಬಾಗಿಲು’ ಎಂದು ಹೇಳಿ ಒಂದು ಸಾಲು ವಿವರಿಸಿ. ಹಲಗೆಗಳನ್ನು ಬೋಲ್ಟು ಹಾಕಿ ಕೂಡಿಸಿದ ನೀರಿನ ತೊಟ್ಟಿ ‘ಸೆಕ್ಷನಲ್ ಟ್ಯಾಂಕ್’ ನಮ್ಮಲ್ಲಿ ‘ಪ್ಯಾನಲ್ ಟ್ಯಾಂಕ್’. ಸೋರುವುದಿದ್ದರೆ ಬೋಲ್ಟು, ಗ್ಯಾಸ್ಕೆಟ್ಟುಗಳಿರುವ ಕೂಡುಗಳಲ್ಲಿ ಮೊದಲು ನೋಡಿ.

ಜನ ಹೋಳಾದಾಗ

ಇದು ಎಲ್ಲಕ್ಕಿಂತ ಜಾಗರೂಕತೆ ಬೇಡುವ ಅರ್ಥ. ‘ಸೆಕ್ಷನಲ್ ಇಂಟರೆಸ್ಟ್’ ಎಂದರೆ ಇಡೀ ಸಮಾಜದ್ದಲ್ಲದ, ಒಂದು ತುಣುಕಿನ ಹಿತ. ‘ಪಂಗಡದ ಹಿತ’ ಎಂದು ಬರೆಯಬೇಡಿ. ಪರಿಶಿಷ್ಟ ಪಂಗಡ ಎಂಬ ಸಂವಿಧಾನದ ಹೆಸರು ಕನ್ನಡಿಗರ ಕಿವಿಯಲ್ಲಿರುವಾಗ ಅದು ಸಲ್ಲದ ಆರೋಪದಂತೆ ಕೇಳುತ್ತದೆ. ‘ವರ್ಗಹಿತ’ ಎಂದರೆ ಮಾರ್ಕ್ಸ್‌ವಾದದ ಬಣ್ಣ ಬರುತ್ತದೆ. ‘ದುರ್ಬಲ ವರ್ಗ’ ಎಂದು ಸಂವಿಧಾನದ 46ನೇ ಅನುಚ್ಛೇದದ ‘ಸೆಕ್ಷನ್’ಗೆ ವರ್ಗ ಒಗ್ಗಿದೆ, ಅಲ್ಲಿ ಅದನ್ನೇ ಇರಿಸಿ. ಉಳಿದಂತೆ ‘ಒಂದು ಗುಂಪಿನ ಹಿತಾಸಕ್ತಿ’ ಸಾಕು. ಇದನ್ನು ‘ಸೆಕ್ಟೇರಿಯನ್’ ಜೊತೆ ಬೆರೆಸಲೂಬೇಡಿ. ಅದು ಪಂಥ, ಮತದ ಒಡಕು. ಕಬ್ಬು ಬೆಳೆಗಾರರ ಬೇಡಿಕೆ ಒಂದು ಗುಂಪಿನದ್ದಿರಬಹುದು, ಮತೀಯವಲ್ಲ.

ಅಮೆರಿಕದ ಚರಿತ್ರೆ ಓದುವಾಗ ಈ ಪದ ಇನ್ನೊಂದು ರೂಪ ತಾಳುತ್ತದೆ. ಅಲ್ಲಿ ‘ಸೆಕ್ಷನ್’ ಎಂದರೆ ಗುಲಾಮಗಿರಿ ಬಿಟ್ಟ ಉತ್ತರ ಅಥವಾ ಅದನ್ನು ಉಳಿಸಿಕೊಂಡ ದಕ್ಷಿಣ. 1820ರ ಮಿಸೌರಿ ಒಪ್ಪಂದ 36 ಡಿಗ್ರಿ 30 ಮಿನಿಟ್ ಅಕ್ಷಾಂಶದಲ್ಲಿ ಗೆರೆ ಎಳೆದು ಗುಲಾಮಗಿರಿಯ ಹರವಿಗೆ ಮಿತಿ ಹಾಕಿತು, 1854ರ ಕಾನ್ಸಾಸ್–ನೆಬ್ರಾಸ್ಕ ಕಾಯ್ದೆ ಆ ಗೆರೆಯನ್ನು ಅಳಿಸಿತು. 1860ರಲ್ಲಿ ಲಿಂಕನ್ ಗುಲಾಮಗಿರಿ ಇದ್ದ ಒಂದು ರಾಜ್ಯದಲ್ಲೂ ಗೆಲ್ಲದೆ ಅಧ್ಯಕ್ಷರಾದರು. ಅವರ ರಿಪಬ್ಲಿಕನ್ ಪಕ್ಷಕ್ಕೆ ಬೆಂಬಲವಿದ್ದದ್ದು ಬಹುಪಾಲು ಉತ್ತರದಲ್ಲೇ, ವಿರೋಧಿಗಳು ಅದನ್ನು ‘ಸೆಕ್ಷನಲ್’ ಎನ್ನುತ್ತಿದ್ದದ್ದು ಇದೇ ಕಾರಣಕ್ಕೆ. ಇದಕ್ಕೆ ‘ಪ್ರಾದೇಶಿಕ ಪಕ್ಷ’ ಎಂದರೆ ನಮ್ಮಲ್ಲಿ ಮೂಡುವ ಚಿತ್ರವೇ ಬೇರೆ, ಒಂದು ರಾಜ್ಯದ ನೆಲ–ಜಲ–ಭಾಷೆಗೆ ನಿಂತ ಪಕ್ಷ. ‘ಉತ್ತರದವರದ್ದೇ ಪಕ್ಷ’ ಎಂದರೆ ಆ ಕಾಲದ ಸಿಟ್ಟು ಕನ್ನಡದಲ್ಲೂ ಕೇಳಿಸುತ್ತದೆ. ‘ಸೆಕ್ಷನಲಿಸಂ’ ಆ ದೇಶದ ಮಟ್ಟಿಗೆ ‘ಉತ್ತರ–ದಕ್ಷಿಣದ ಒಡಕು’.

ಚಿಲ್ಲರೆ ಬಳಕೆಗಳು

ವಾದ್ಯವೃಂದದ ‘ಸೆಕ್ಷನಲ್’ ಎಂದರೆ ಪಿಟೀಲಿನವರು, ಕೊಳಲಿನವರು ಬೇರೆ ಬೇರೆ ಕೂತು ಮಾಡುವ ‘ಗುಂಪು ತಾಲೀಮು’. ಅಮೆರಿಕದ ವಿಮಾನ ಚಾಲಕರ ‘ಸೆಕ್ಷನಲ್’ 1:5,00,000 ಪ್ರಮಾಣದ ಹಾರಾಟದ ನಕ್ಷೆ. ದಕ್ಷಿಣ ಆಫ್ರಿಕದ ‘ಸೆಕ್ಷನಲ್ ಟೈಟಲ್’ 1986ರ ಕಾಯ್ದೆಯಡಿ ಬರುವ ಫ್ಲ್ಯಾಟ್ ಒಡೆತನ: ತನ್ನ ಮನೆ ತನ್ನದು, ಜೊತೆಗೆ ಜಾಗ ಮತ್ತು ಮೆಟ್ಟಿಲಿನಲ್ಲಿ ಬೇರ್ಪಡಿಸಲಾಗದ ಪಾಲು. ಜೊಹಾನೆಸ್‌ಬರ್ಗ್‌ನ ಕನ್ನಡಿಗರು ಊರಿನವರಿಗೆ ‘ಅಪಾರ್ಟ್‌ಮೆಂಟ್ ಒಡೆತನ’ ಎಂದರೆ ಅರ್ಥವಾಗುತ್ತದೆ.

‘ಸೆಕ್ಷನ್’ ಅನ್ನೇ ಉಳಿಸುವುದು ಯಾವಾಗ

ಚೌಕಟ್ಟಿಗೆ ಬಳಸುವ ಲೋಹದ ಉದ್ದ ಪಟ್ಟಿಗಳಿಗೆ ಅಲ್ಯೂಮಿನಿಯಂ ಕಿಟಕಿಯವರು, ಕಬ್ಬಿಣದ ಅಂಗಡಿಯವರು ‘ಸೆಕ್ಷನ್’ ಎಂದೇ ಹೇಳುತ್ತಾರೆ. ಅದನ್ನು ಮುಟ್ಟಬೇಡಿ. ಆದರೆ ಬಾಲದ ‘ಅಲ್’ ಬೇಕಿಲ್ಲ. ಮರದ ಬಾಗಿಲು, ಮಣ್ಣಿನ ಮಡಕೆ ಎನ್ನುವಂತೆ ನಾಮಪದವನ್ನೇ ಮುಂದಿಟ್ಟರೆ ಕನ್ನಡದಲ್ಲಿ ಕೆಲಸ ಮುಗಿಯಿತು: ಸೆಕ್ಷನ್ ತೂಕ, ಸೆಕ್ಷನ್ ವೇಗ. ಇನ್ನೂ ತಿಳಿಯಾಗಬೇಕಾದರೆ ಅರ್ಥವನ್ನೇ ಹೇಳಿ. ಕಟ್ಟಡದ ಅಂದಾಜು ಪಟ್ಟಿಯ ‘ಸೆಕ್ಷನಲ್ ವೆಯ್ಟ್’ ಕಂಬಿಯ ಒಂದು ಮೀಟರಿನ ತೂಕ, ಅಂದರೆ ‘ಮೀಟರ್ ತೂಕ’. ಲೆಕ್ಕ ಸುಲಭ: ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ಹಿಡಿದು, ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. 12 ಎಂಎಂ ಕಂಬಿಗೆ 144ನ್ನು 162ರಿಂದ ಭಾಗಿಸಿದರೆ 0.889 ಕಿಲೊ. 12 ಮೀಟರಿನ ಒಂದು ಕಂಬಿ ಸುಮಾರು 10.67 ಕಿಲೊ ತೂಗಬೇಕು. ಕಂಬಿಗಳ ಭಾರತೀಯ ಮಾನಕವಾದ ಐಎಸ್ 1786 ಈ ದಪ್ಪಕ್ಕೆ ಒಟ್ಟು ಸರಕಿನ ಸರಾಸರಿಯಲ್ಲಿ ಶೇ. 5ರಷ್ಟು ಹೆಚ್ಚು–ಕಡಿಮೆಯನ್ನು ಒಪ್ಪುತ್ತದೆ. ಹತ್ತಾರು ಕಂಬಿ ತೂಗಿದಾಗ ಸರಾಸರಿ 10.1 ಕಿಲೊಗಿಂತ ಕೆಳಗೆ ಬಂದರೆ ಲಾರಿಯಿಂದ ಇಳಿಸುವ ಮೊದಲೇ ಕೇಳಿ.